ಇಳಿದಲ್ಲೇ ನಿಂತಿರು

ಚೊಂಗ್‌ಚಿಂಗ್‌ಗೆ ಮೊದಲ ಸಲ ಬಂದವರು ದಾರಿ ಕೇಳಿದರೆ ರಾನ್ ಅಜ್ಜಿ ಮೊದಲು ಅವರ ಪಾದ ನೋಡುತ್ತಿದ್ದರು. ಹಿಮ್ಮಡಿ ಎತ್ತರದ ಚಪ್ಪಲಿ ಕಂಡರೆ ಮುಗಿಯಿತು. "ಈ ಚಪ್ಪಲೀಲಿ ನೀನು ನಮ್ಮೂರು ನೋಡೋಕಾಗಲ್ಲಮ್ಮ, ನಮ್ಮೂರೇ ನಿನ್ನ ನೋಡಿ ನಗುತ್ತೆ. ಮೊದ್ಲು ಹೋಗಿ ಒಂದು ಜೊತೆ ಬಟ್ಟೇಲಿ ಹೊಲಿದ ಬೂಟು ತಗೋ, ಆಮೇಲೆ ಬಾ." ಅದಾದ ಮೇಲೆ ಅವರ ಕೈಯಲ್ಲಿರುವ ನಕ್ಷೆಯ ಸರದಿ. ಅದನ್ನು ಮಡಚಿಸಿ ಚೀಲಕ್ಕೆ ಹಾಕಿಸುತ್ತಿದ್ದರು. "ಇದರಲ್ಲಿ ಒಂದು ಬೆರಳಗಲ ಇದ್ಯಲ್ಲ, ಅದು ಮುನ್ನೂರು ಮೆಟ್ಟಿಲು. ಕಾಗದ ಚಪ್ಪಟೆ, ಊರು ಚಪ್ಪಟೆ ಅಲ್ಲ. ಇಲ್ಲಿ ಪೂರ್ವ ಯಾವುದು ಪಶ್ಚಿಮ ಯಾವುದು ಅಂತ ಕೇಳ್ಬೇಡಿ, ಯಾರಿಗೂ ಗೊತ್ತಿಲ್ಲ. ಮೇಲಾ ಕೆಳಗಾ ಅಂತ ಕೇಳಿ. ಕೇಳೋದಾದ್ರೂ ಹೊರೆ ಹೊತ್ತೋನನ್ನ ಕೇಳಿ. ಸುಮ್ನೆ ನಿಂತು ಸಿಗರೇಟು ಸೇದ್ತಿರೋನು ಬಾಯಿಗೆ ಬಂದದ್ದು ಹೇಳ್ತಾನೆ. ಬೆನ್ನ ಮೇಲೆ ಭಾರ ಇರೋನು ಹತ್ತಿರದ ದಾರೀನೇ ಹೇಳ್ತಾನೆ."

ಇಪ್ಪತ್ತೇಳು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು ಅವರು. ಬಸ್ಸುಗಳಿಂದ ಕಂಡಕ್ಟರುಗಳನ್ನು ತೆಗೆದು ನಾಣ್ಯದ ಡಬ್ಬಿ ಇಟ್ಟ ಮೇಲೆ ಸ್ವಲ್ಪ ದಿನ ಮನೆಯಲ್ಲಿ ಕೂತರು. ಕೂರಲಾಗದೆ ನಮ್ಮ ಕಟ್ಟಡದ ಹತ್ತನೇ ಅಂತಸ್ತಿನ ಬೀದಿ ಬಾಗಿಲಿಗೆ ಒಂದು ಬಿದಿರಿನ ಕುರ್ಚಿ ತಂದು ಹಾಕಿಕೊಂಡರು. ಹತ್ತನೇ ಅಂತಸ್ತಿಗೆ ಬೀದಿ ಬಾಗಿಲೇ ಎಂದು ಹೊರಗಿನವರು ನಗುತ್ತಾರೆ. ಗುಡ್ಡದ ಮೈಗೆ ಅಂಟಿಕೊಂಡು ನಿಂತ ಇಪ್ಪತ್ತನಾಲ್ಕು ಅಂತಸ್ತು ನಮ್ಮದು, ಲಿಫ್ಟ್ ಇಲ್ಲ. ಬುಡದ ಬಾಗಿಲು ನದಿ ರಸ್ತೆಗೆ ತೆರೆಯುತ್ತದೆ, ಹತ್ತನೆಯದು ತರಕಾರಿ ಗಲ್ಲಿಗೆ, ಹದಿನೆಂಟನೆಯದು ಮೇಲಿನ ಬಸ್ ರಸ್ತೆಗೆ. ಮೂರಕ್ಕೂ ಒಂದೇ ವಿಳಾಸ.

ಸುತ್ತಲ ಜಿಲ್ಲೆಗಳಿಂದ ದೊಡ್ಡಾಸ್ಪತ್ರೆಗೆ ಬರುವವರು, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬರುವವರು, ಊರು ನೋಡಲು ಬಂದು ಮೆಟ್ಟಿಲುಗಳಲ್ಲಿ ಸಿಕ್ಕಿಕೊಂಡವರು, ಎಲ್ಲರೂ ಹೇಗೋ ಆ ಕುರ್ಚಿಯ ಮುಂದೆ ಬಂದು ನಿಲ್ಲುತ್ತಿದ್ದರು. ಅಜ್ಜಿ ಚೀಟಿ ಬರೆದುಕೊಡುತ್ತಿದ್ದರು. ಬಿಸಿನೀರಿಗೆ ನಿಮ್ಮದೇ ಲೋಟ, ಕಕ್ಕಸಿಗೆ ನಿಮ್ಮದೇ ಕಾಗದ. ಆಸ್ಪತ್ರೆ ಸಾಲಿಗೆ ಆರು ಗಂಟೆಗೇ ಹೋಗಿ, ಬೇಗ ಮಾಡಿಸಿಕೊಡ್ತೀನಿ ಅಂತ ಬಂದವನ ಮುಖ ನೋಡಬೇಡಿ. ಬಸ್ಸಲ್ಲಿ ಸೀಟು ಸಿಕ್ಕರೂ ಕಂಬಿ ಹಿಡಿಯಿರಿ. ಹೋಟೆಲಿನಲ್ಲಿ 'ಸ್ವಲ್ಪ ಖಾರ' ಅನ್ನಬೇಡಿ, ಅದು ನಮ್ಮ ಸ್ವಲ್ಪ. 'ಖಾರವೇ ಬೇಡ' ಅನ್ನಿ, ಆಗ ನಿಮ್ಮ ಸ್ವಲ್ಪ ಬರುತ್ತದೆ.

"ಟಿಕೆಟ್ ಇಲ್ದೆ ಊರೆಲ್ಲ ಸುತ್ತಿಸ್ತಾರಪ್ಪ ನಮ್ಮ ಕಂಡಕ್ಟ್ರಮ್ಮ," ಎಂದು ಪಕ್ಕದ ನೂಡಲ್ಸ್ ಅಂಗಡಿಯ ಪೂ ಛೇಡಿಸುತ್ತಿದ್ದ.

"ನಿನ್ನ ಅಂಗಡಿ ಖಾರ ತಿಂದೋರಿಗೆ ಆಸ್ಪತ್ರೆ ದಾರಿ ಯಾರಾದ್ರೂ ಹೇಳ್ಬೇಕಲ್ಲೋ."

ನಾನು ಹನ್ನೊಂದನೇ ಅಂತಸ್ತಿನವಳು. ಗಂಡ ಬೇರೆ ಪ್ರಾಂತ್ಯದಲ್ಲಿ ಸೇತುವೆ ಕೆಲಸದಲ್ಲಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ಬಾಣಂತನ ಮುಗಿಸಿ ಅತ್ತೆ ಊರಿಗೆ ಹೋದ ಮೇಲೆ ನಾನೂ ಮಗುವೂ ಇಬ್ಬರೇ. ಮಗಳನ್ನು ಕಡಲೆಕಾಯಿ ಎಂದು ಕರೆಯುತ್ತಿದ್ದೆವು, ಅಷ್ಟು ಸಣ್ಣಗೆ ಹುಟ್ಟಿದ್ದಳು. ಓದಿದವಳು ನಾನು, ಮಕ್ಕಳ ಪುಸ್ತಕ ನಾಲ್ಕು ಕೊಂಡಿದ್ದೆ, ಆ ನಾಲ್ಕೂ ಒಂದೊಂದು ಹೊಸ ಭಯ ಕೊಟ್ಟಿದ್ದವು. ಅವಳು ಕೆಮ್ಮಿದರೆ ಅಜ್ಜಿ, ಕೆಮ್ಮದಿದ್ದರೂ ಅಜ್ಜಿ. "ಉಸಿರಾಡ್ತಿದಾಳೆ ಕಣೇ ವೆನ್, ಕೈ ತೆಗಿ, ನೀನು ಮೂಗಿನ ಹತ್ರ ಕೈ ಇಟ್ಟಿದ್ದಕ್ಕೇ ಎಚ್ಚರ ಆಗಿರೋದು," ಎನ್ನುತ್ತಿದ್ದರು. ಆ ವರ್ಷ ಮಕ್ಕಳ ಕಳ್ಳರ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಅದಕ್ಕೂ ಅಜ್ಜಿಯ ಬಳಿ ಒಂದು ಮಾತಿತ್ತು: "ಗುರುತಿಲ್ಲದೋರು ಮಗು ಮುಟ್ಟೋಕೆ ಬಂದ್ರೆ ಉತ್ತರ ಕೊಡ್ಬೇಡ, ನಿಲ್ಬೇಡ. ನಡೀತಾ ಇರು."

ಊರಿಗೆಲ್ಲ ದಾರಿ ಹೇಳುವ ಅಜ್ಜಿಗೆ ಇದ್ದದ್ದು ಒಂದೇ ಆಸೆ, ತಂಗಿಯನ್ನು ನೋಡಬೇಕು. ತಂಗಿಯ ಹೆಸರು ಗ್ವಾಂಗ್‌ಶ್ಯು. ದೊಡ್ಡ ನದಿಯ ಕೆಳಹರಿವಿನಲ್ಲಿ ಅಣೆಕಟ್ಟು ಕಟ್ಟಿದಾಗ ನೀರು ಮೇಲೆ ಬಂದು ಅವರ ಹಳ್ಳಿ ಮುಳುಗಿತ್ತು. ಅಜ್ಜಿ ಅಷ್ಟು ಹೊತ್ತಿಗೆ ಮದುವೆಯಾಗಿ ನಗರದಲ್ಲಿದ್ದರು. ಹಳ್ಳಿಯಲ್ಲೇ ಉಳಿದಿದ್ದ ತಂಗಿಯ ಸಂಸಾರವನ್ನು ಮಡಿಕೆ ಕುಡಿಕೆ ಸಮೇತ ಹಡಗು ಹತ್ತಿಸಿ ಉತ್ತರದ ಶಾನ್‌ಡಾಂಗಿಗೆ ಕಳಿಸಿದರು. ಸಾವಿರಾರು ಮೈಲಿ ಅಲ್ಲದಿದ್ದರೂ ಅಜ್ಜಿಯ ಲೆಕ್ಕದಲ್ಲಿ ಅದು ಇನ್ನೊಂದು ಲೋಕ. ಗುಡ್ಡವೇ ಇಲ್ಲದ ನೆಲ, ಗೋಧಿ ರೊಟ್ಟಿ, ಬೇರೆ ಮಾತು. ಹದಿಮೂರು ವರ್ಷವಾಗಿತ್ತು. ಮೊದಲ ಎಂಟು ವರ್ಷ ಅಜ್ಜಿಯ ಗಂಡ ಲಕ್ವ ಹೊಡೆದು ಮಲಗಿದ್ದರು. ಅವರು ತೀರಿಕೊಂಡ ವರ್ಷವೇ ತಂಗಿಯ ಗಂಡ ಹಾಸಿಗೆ ಹಿಡಿದ. ಒಬ್ಬರಿಗೆ ಬಿಡುವಾದರೆ ಇನ್ನೊಬ್ಬರಿಗಿಲ್ಲ.

ಹೀಗಿರುವಾಗ ತಂಗಿಯ ಊರಿನ ಮುದುಕರೆಲ್ಲ ಸೇರಿ ಅಗ್ಗದ ಪ್ರವಾಸವೊಂದಕ್ಕೆ ಹೊರಟರು. ರೈಲಿನಲ್ಲಿ ಇಲ್ಲಿಗೆ ಬಂದು, ಇಲ್ಲಿಂದ ಹಡಗಿನಲ್ಲಿ ನದಿ ಇಳಿಯುವುದು. ಸೊಸೆ ಎರಡು ವಾರ ಮಾವನನ್ನು ನೋಡಿಕೊಳ್ಳಲು ಒಪ್ಪಿದ್ದಳು. ಚೊಂಗ್‌ಚಿಂಗ್‌ನಲ್ಲಿ ಅವರಿಗಿದ್ದ ಬಿಡುವು ಒಂದು ಮಧ್ಯಾಹ್ನ, ಎರಡರಿಂದ ಐದು.

ಅಜ್ಜಿ ತಂಗಿಗೂ ಚೀಟಿ ಬರೆದರು. ಮೂರು ಸಲ ಬರೆದು ಹರಿದು ನಾಲ್ಕನೆಯದನ್ನು ಅಂಚೆಗೆ ಹಾಕಿದರು. ಸಾಲದು ಎಂದು ಫೋನಿನಲ್ಲಿ ಓದಿಯೂ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. "ಪ್ರವಾಸದ ಬಸ್ಸು ನಮ್ಮ ಕಟ್ಟಡದ ಮುಂದೇನೇ ಹೋಗುತ್ತೆ. ವಿಳಾಸ ತೋರಿಸು, ಡ್ರೈವರ್ ಇಳಿಸ್ತಾನೆ. ಯಾರನ್ನೂ ಕೇಳ್ಬೇಡ, ಒಬ್ಬೊಬ್ಬರು ಒಂದೊಂದು ಮೆಟ್ಟಿಲು ಹತ್ತಿಸಿಬಿಡ್ತಾರೆ, ನಿನ್ನ ಎದೆ ತಡ್ಕೊಳ್ಳಲ್ಲ. ಇಳಿದಲ್ಲೇ ನಿಂತಿರು. ನಾನು ಬರ್ತೀನಿ. ಕೇಳಿಸ್ತಾ? ಇಳಿದಲ್ಲೇ."

"ಕೇಳಿಸ್ತು ಅಕ್ಕ. ನಾನೇನು ಚಿಕ್ಕ ಮಗೂನಾ?"

"ನನಗಿಂತ ಒಂಬತ್ತು ವರ್ಷ ಚಿಕ್ಕೋಳು ನೀನು."

ಆ ದಿನ ಅಕ್ಟೋಬರಿನ ಮೂರನೇ ವಾರ. ಬೆಳಗ್ಗೆಯೇ ಅಜ್ಜಿಯ ಹದಿನೇಳನೇ ಅಂತಸ್ತಿನ ಮನೆಯಿಂದ ಹುಳಿ ಮೂಲಂಗಿ ಹಾಕಿದ ಬಾತುಕೋಳಿ ಸಾರಿನ ವಾಸನೆ ಮೆಟ್ಟಿಲು ಇಳಿದು ನನ್ನ ಬಾಗಿಲವರೆಗೂ ಬಂದಿತ್ತು. ಶಾನ್‌ಡಾಂಗಿನಲ್ಲಿ ಆ ಮೂಲಂಗಿ ಸಿಗುವುದಿಲ್ಲವೆಂದು ತಂಗಿ ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದಳಂತೆ. "ಸಂಜೆ ಕಡಲೆಕಾಯೀನ ಕರ್ಕೊಂಡು ಬಾ, ಅವಳೂ ನೋಡ್ಲಿ," ಎಂದರು ಅಜ್ಜಿ. ಕೂದಲಿಗೆ ಬಣ್ಣ ಹಾಕಿಸಿಕೊಂಡಿದ್ದರು. ಒಂದೂವರೆಗೆಲ್ಲ ಹದಿನೆಂಟನೇ ಅಂತಸ್ತಿನ ಬಾಗಿಲಿಗೆ, ಮೇಲಿನ ಬಸ್ ರಸ್ತೆಗೆ ಹೋಗಿ ನಿಂತರು. ಇಪ್ಪತ್ತೇಳು ವರ್ಷ ಅವರು ಓಡಾಡಿದ ರಸ್ತೆ ಅದು. ಹೋಟೆಲಿನ ಬಸ್ಸು, ಪ್ರವಾಸದ ಬಸ್ಸು, ಅವರ ಕಾಲದಲ್ಲಿ ಎಲ್ಲವೂ ಅದರಲ್ಲೇ ಬರುತ್ತಿದ್ದವು. ಬೇರೆ ಯಾರಿಗೇ ಆಗಿದ್ದರೂ 'ಯಾವ ರಸ್ತೆ ಅಂತ ಡ್ರೈವರನ್ನ ಮೊದ್ಲು ಕೇಳಿ' ಎಂದು ಬರೆಯುತ್ತಿದ್ದರು. ಸ್ವಂತ ತಂಗಿಗೆ ಬರೆಯುವಾಗ ಅವರು ತಮ್ಮ ಹಳೆಯ ಬಸ್ಸಿನ ಬಾಗಿಲಲ್ಲೇ ನಿಂತು ಬರೆದಿದ್ದರು.

ಆ ಮಧ್ಯಾಹ್ನ ನಾನು ಮಗುವಿಗೆ ಎಂಟು ತಿಂಗಳ ಲಸಿಕೆ ಹಾಕಿಸಲು ಕೆಳಗಿನ ಚಿಕಿತ್ಸಾಲಯಕ್ಕೆ ಹೋಗಿದ್ದೆ. ವಾಪಸು ಬರುವಾಗ ಮೂರು ದಾಟಿತ್ತು. ಮಗು ರಚ್ಚೆ ಹಿಡಿದಿತ್ತು, ಮೈ ಬಿಸಿಯಾದಂತೆ ಅನಿಸುತ್ತಿತ್ತು, ಪುಸ್ತಕದಲ್ಲಿ ಜ್ವರ ಬರಬಹುದು ಎಂದಿತ್ತು, ಎಷ್ಟು ಬಂದರೆ ಓಡಬೇಕು ಎಂಬ ಪುಟ ಮರೆತುಹೋಗಿತ್ತು. ನದಿ ರಸ್ತೆಯ ಬಾಗಿಲಲ್ಲಿ ಆ ಹೊತ್ತಿನಲ್ಲಿ ಜನವಿರುವುದಿಲ್ಲ. ಒಂದು ಕಡೆ ಮುಚ್ಚಿದ ಟೈರ್ ಗೋದಾಮು, ಇನ್ನೊಂದು ಕಡೆ ನಿಲ್ಲದೆ ಹೋಗುವ ಗಾಡಿಗಳು. ಬಾಗಿಲ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕಾಲ ಬಳಿ ಒಂದು ಚೀಲ.

ನಾನು ಹತ್ತಿರ ಬಂದಾಗ ಆಕೆ ಒಂದು ಹೆಜ್ಜೆ ಮುಂದೆ ಬಂದಳು. "ಏ ಮಗಳೇ, ಒಂಚೂರು..." ಎಂದಳು. ಉಚ್ಚಾರ ಉತ್ತರದವರದು, ನಮ್ಮೂರಿನದಲ್ಲ. ಚಾಚಿದ ಕೈ ಮಗುವಿನ ಪಾದದ ಕಡೆ ಬಂತು. ಬೆರಳುಗಳು ನನ್ನ ಮಣಿಕಟ್ಟಿಗೆ ತಾಗಿದವು. ನಾನು ಮಗುವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲ ಕಡೆ ಓಡಿದೆ. ಉತ್ತರ ಕೊಡಲಿಲ್ಲ, ನಿಲ್ಲಲಿಲ್ಲ. ಹನ್ನೊಂದು ಅಂತಸ್ತು ಒಂದೇ ಉಸಿರಿಗೆ ಹತ್ತಿ ಬಾಗಿಲಿಗೆ ಎರಡು ಚಿಲಕ ಹಾಕಿದೆ. ಮಗುವಿನ ಒಂದು ಕಾಲ್ಚೀಲ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

ಅಜ್ಜಿಯ ತಂಗಿ ಇರಬಹುದೇ ಎಂದು ಆಗ ಒಂದು ಕ್ಷಣವೂ ಅನಿಸಲಿಲ್ಲ. ಅಜ್ಜಿಯ ತಂಗಿ ಮೇಲಿನ ರಸ್ತೆಗೆ ಬರುವವಳು. ಫೋನಿನಲ್ಲಿ ಅಜ್ಜಿಯ ಹಾಗೇ ಮಾತಾಡಿದವಳು. ಹಾಗೆ ಅಂದುಕೊಂಡಿದ್ದೆ; ಗುರುತಿಲ್ಲದವರೊಡನೆ ಆಕೆ ಉತ್ತರದ ಮಾತಾಡಬಹುದೆಂದು ಹೊಳೆಯಲಿಲ್ಲ.

ಆರು ಗಂಟೆಗೆ ಮಗುವಿನ ಮೈ ತಣ್ಣಗಾಯಿತು. ಎತ್ತಿಕೊಂಡು ಹದಿನೇಳಕ್ಕೆ ಹತ್ತಿದೆ. ಅಜ್ಜಿ ಮೇಜಿನ ಮುಂದೆ ಕೂತಿದ್ದರು. ಎರಡು ಬಟ್ಟಲು, ಎರಡು ಜೊತೆ ಊಟದ ಕಡ್ಡಿ.

"ಬರಲೇ ಇಲ್ಲ. ಫೋನೂ ಹೋಗ್ತಿಲ್ಲ. ಹದಿನೆಂಟರಲ್ಲಿ ನಿಂತಿದ್ದೆ, ಗಲ್ಲಿ ಬಾಗಿಲಿಗೇನಾದ್ರೂ ಬಂದ್ಲೇನೋ ಅಂತ ಎರಡು ಸಲ ಹತ್ತಕ್ಕೂ ಇಳಿದು ಬಂದೆ. ಪೂನೂ ನೋಡಿಲ್ವಂತೆ. ಪ್ರವಾಸದೋರು ಬಿಟ್ಟಿರಲ್ಲ, ಅಲ್ವೇನೇ?"

"ಬಿಟ್ಟಿರಲ್ಲ ಅಜ್ಜಿ," ಎಂದೆ.

ಅಷ್ಟರಲ್ಲಿ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಅಜ್ಜಿಗೆ ಕಿವಿ ಮಂದ, ಫೋನನ್ನು ಯಾವಾಗಲೂ ಸ್ಪೀಕರಿನಲ್ಲಿ ಇಟ್ಟೇ ಮಾತಾಡುತ್ತಿದ್ದರು.

"ಅಕ್ಕ, ನಾನು."

"ಎಲ್ಲಿದ್ದೀಯೇ! ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟೊತ್ತು?"

"ಹಡಗಲ್ಲಿ. ಹೊರಟುಬಿಡ್ತು ಅಕ್ಕ. ಇದು ನಮ್ಮನ್ನ ಕರ್ಕೊಂಡು ಬಂದ ಹುಡುಗಿ ಫೋನು. ನಂದರಲ್ಲಿ ಕರೆನ್ಸಿ ಮುಗಿದೋಯ್ತು, ಬೇರೆ ಪ್ರಾಂತ್ಯಕ್ಕೆ ಬಂದ್ರೆ ಹಂಗೇ ತಿಂದುಹಾಕುತ್ತಂತೆ. ನೀನ್ಯಾಕೆ ಬರಲಿಲ್ಲ? ಎರಡಕ್ಕೇ ಬಂದಿದ್ದೆ. ಐದಕ್ಕೆ ಬಸ್ಸು ಬರೋ ತನಕ ನಿಂತಿದ್ದೆ. ನೀನು ಹೇಳಿದ ಹಾಗೇ, ಇಳಿದಲ್ಲೇ. ಡ್ರೈವರ್ ಪುಣ್ಯಾತ್ಮ, ಬಾಗಿಲಿಗೇ ಬಿಟ್ಟಿದ್ದ."

"ಯಾವ ಬಾಗಿಲಿಗೆ?"

"ನದಿ ಎದುರಿಗೆ ಇದ್ಯಲ್ಲ, ಟೈರಿನ ಗೋದಾಮು ಪಕ್ಕ. ಒಂದ್ಸಲ ಮೆಟ್ಟಿಲು ಹತ್ತಿ ಬಂದೆ ಅಕ್ಕ. ನಾಲ್ಕನೇ ಅಂತಸ್ತಿಗೆ ಎದೆ ಹಿಡ್ಕೊಂತು. ಆಮೇಲೆ, ನೀನು ಕೆಳಗೆ ಬಂದು ನಾನಿಲ್ಲ ಅಂತ ವಾಪಸ್ ಹೋಗಿಬಿಟ್ರೆ ಅಂತ ಹೆದರಿಕೆ ಆಯ್ತು. ಮತ್ತೆ ಇಳಿದೆ."

ನಾಲ್ಕಕ್ಕೂ ಹತ್ತಕ್ಕೂ ನಡುವೆ ಆರು ಅಂತಸ್ತು. ನಾನು ಮಗುವನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದೆ. ಟೈರಿನ ಗೋದಾಮು ಎಂದು ಕೇಳಿದ ಕ್ಷಣವೇ ಬಾಗಿಲ ಪಕ್ಕದ ಆ ಹೆಂಗಸು, ಕಾಲ ಬಳಿಯ ಆ ಚೀಲ ಕಣ್ಣಿಗೆ ಬಂದಿದ್ದವು.

"ಅಕ್ಕ? ಇದೀಯಾ?"

"ಹಡಗು ಈಗ ಎಲ್ಲಿದೆ?" ಅಜ್ಜಿ ಎದ್ದು ಬಾಲ್ಕನಿಗೆ ಓಡಿದರು. ನಮ್ಮ ಕಟ್ಟಡ ಹಡಗುಕಟ್ಟೆಗಿಂತ ನದಿಯ ಹರಿವಿನಲ್ಲಿ ಸ್ವಲ್ಪ ಕೆಳಗೆ, ಆಚೆ ದಂಡೆಯಲ್ಲಿದೆ. ನದಿ ಇಳಿಯುವ ಹಡಗುಗಳೆಲ್ಲ ನಮ್ಮೆದುರಿಗೇ ಹೋಗಬೇಕು. ಕತ್ತಲಾಗುತ್ತಿತ್ತು, ನೀರಿನ ಮೇಲೆ ಮಂಜು ಕೂತಿತ್ತು. ಮಂಜಿನೊಳಗೆ ದೀಪದ ಸಾಲೊಂದು ನಿಧಾನಕ್ಕೆ ಜರುಗುತ್ತಿತ್ತು. "ಬಲಗಡೆ ನೋಡು! ಬಲಗಡೆ, ಮೇಲೆ!"

"ಬರೀ ಕಟ್ಟಡಾನೇ ಇದೆ ಅಕ್ಕ, ಬರೀ ಲೈಟು."

"ವೆನ್, ಲೈಟು ಆರ್ಸು! ಹಚ್ಚು! ಆರ್ಸು, ಹಚ್ಚು!"

ನಾನು ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದರಲ್ಲಿ ಸ್ವಿಚ್ಚು ಒತ್ತಿದೆ. ಒತ್ತಿದೆ, ಒತ್ತಿದೆ.

"ಕಾಣ್ತಾ?"

"ಕಾಣ್ತು ಅಕ್ಕ! ಕಾಣ್ತು!"

"ಎಷ್ಟು ಸಲ ಆರಿತು ಹೇಳು?"

ನದಿ ದಂಡೆಯಲ್ಲಿ ಸಾವಿರ ಕಿಟಕಿಗಳಿದ್ದವು. "ಮೂರು ಸಲ," ಎಂದಿತು ಆ ದನಿ.

ನಾನು ಏಳು ಸಲ ಆರಿಸಿದ್ದೆ. ಅಜ್ಜಿಯೂ ಎಣಿಸಿದ್ದರು, ಅವರ ತುಟಿ ಅಲುಗುತ್ತಿದ್ದುದನ್ನು ನೋಡಿದ್ದೆ.

"ಹ್ಞೂಂ, ಮೂರೇ. ಅದೇ ನಮ್ಮನೆ," ಎಂದರು ಅಜ್ಜಿ. ಆಮೇಲೆ ಸಿಗ್ನಲ್ ಹೋಯಿತು.

ಬಾತುಕೋಳಿ ಸಾರನ್ನು ಅವರು ಮೂರು ದಿನ ಒಬ್ಬರೇ ತಿಂದರು. ನನಗೂ ಒಂದು ಬಟ್ಟಲು ಕೊಟ್ಟರು. ನುಂಗಿದೆ.

ಹೇಳಬೇಕಿತ್ತು. ಆ ಸಂಜೆಯೇ ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆ ಮಗುವಿಗೆ ಭೇದಿ, ನಾಡಿದ್ದು ಗಂಡ ಬಂದ. ಹೀಗೆ ನೆಪಗಳಿಗೇನು ಬರ. ಹತ್ತು ದಿನವಾದ ಮೇಲೆ ತಂಗಿ ಊರು ತಲುಪಿ ಫೋನು ಮಾಡಿದಳಂತೆ. ಅಜ್ಜಿ ಬಿದಿರಿನ ಕುರ್ಚಿಯಲ್ಲಿ ಕೂತು ಪೂಗೆ ಅದನ್ನೇ ಹೇಳುತ್ತಿದ್ದರು. ನಾನು ತರಕಾರಿ ಚೀಲ ಹಿಡಿದು ಬಂದೆ.

"ಕೇಳಿದ್ಯೇನೇ ವೆನ್? ಅಲ್ಲಿ ನಿಂತಿದ್ದಾಗ ಒಬ್ಬ ಹುಡುಗಿ ಮಗು ಎತ್ಕೊಂಡು ಬಂದ್ಲಂತೆ. ಮಗು ಕಾಲ್ಚೀಲ ಜಾರ್ತಿತ್ತಂತೆ. ಹೇಳೋಣ ಅಂತ ಹೋದ್ರೆ ದೆವ್ವ ಕಂಡೋಳ ಹಾಗೆ ಓಡಿಹೋದ್ಲಂತೆ. ಅವಳ ಹತ್ರ ನನ್ನ ಹೆಸರು ಹೇಳಿ ಕೇಳೋಣ ಅಂತಿದ್ಲಂತೆ ಕಣೇ! ಎಂಥಾ ಕಲ್ಲು ಮನಸ್ಸು! ಈ ಕಟ್ಟಡದಲ್ಲಿ ನನ್ನ ಹೆಸರು ಗೊತ್ತಿಲ್ದೋರು ಯಾರಿದ್ದಾರೆ?"

"ಬಾಡಿಗೆಯೋರು ಇರ್ಬೇಕು ಬಿಡಿ ಕಂಡಕ್ಟ್ರಮ್ಮ," ಎಂದ ಪೂ. "ಈಗಿನ ಹುಡುಗೀರಿಗೆ ಫೋನು ಬಿಟ್ರೆ ಮನುಷ್ಯರ ಮುಖ ಕಾಣಲ್ಲ."

"ಆದ್ರೂ ನನ್ನ ತಂಗಿ ನೋಡು, ಬೈಯಲಿಲ್ಲ. 'ಪಾಪ, ಚಿಕ್ಕ ವಯಸ್ಸು, ಮೊದಲ ಮಗು ಇರ್ಬೇಕು, ಹೆದರಿದ್ಲು' ಅಂದ್ಲು."

ನಾನು, "ಹೌದಾ ಅಜ್ಜಿ," ಎಂದೆ. ಅಷ್ಟೇ ಎಂದೆ. ಮನೆಗೆ ಹೋಗಿ ಉಳಿದಿದ್ದ ಒಂಟಿ ಕಾಲ್ಚೀಲವನ್ನು ಕಸಕ್ಕೆ ಹಾಕಿದೆ.

ಆ ಚಳಿಗಾಲವೆಲ್ಲ ಅಜ್ಜಿ ಶಾನ್‌ಡಾಂಗಿಗೆ ಹೋಗುವ ಮಾತಾಡುತ್ತಿದ್ದರು. ಮಂಡಿ ನೋವು ಇಳಿದ ಮೇಲೆ, ವಸಂತ ಬಂದ ಮೇಲೆ, ರೈಲಿನಲ್ಲಿ ಕೆಳಗಿನ ಬರ್ತು ಸಿಕ್ಕಿದ ಮೇಲೆ. ದಾರಿ ಕೇಳಲು ಬಂದವರಿಗೆ ಚೀಟಿ ಕೊಡುವುದನ್ನು ನಿಲ್ಲಿಸಿ, ಮಂಡಿ ಹಿಡಿದುಕೊಂಡೇ ಅವರ ಜೊತೆ ನಡೆದು ಬಿಟ್ಟು ಬರತೊಡಗಿದ್ದರು. "ಕಂಡಕ್ಟ್ರಮ್ಮ ಈಗ ಡ್ರೈವರ್ ಆಗಿದಾರೆ," ಎಂದ ಪೂ. ಅವರು ನಗಲಿಲ್ಲ.

ಫೆಬ್ರವರಿಯಲ್ಲಿ, ನಮ್ಮ ಚಾಂದ್ರಮಾನ ಹೊಸವರ್ಷಕ್ಕೆ ಮೂರು ದಿನವಿರುವಾಗ ತಂಗಿಯ ಮಗ ಫೋನು ಮಾಡಿದ. ಅಮ್ಮ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಾ ಕುಸಿದಳು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು, ದೊಡ್ಡಮ್ಮ ಈ ಚಳಿಯಲ್ಲಿ ಬರುವುದು ಬೇಡವೆಂದು ಎಲ್ಲ ಕಾರ್ಯವಾದ ಮೇಲೆ ಹೇಳುತ್ತಿದ್ದೇನೆ ಎಂದ.

ಕುರ್ಚಿ ಖಾಲಿ ಬಿತ್ತು. ಹದಿನೈದು ದಿನ ನೋಡಿ ಪೂ ನನ್ನನ್ನು ಕರೆದ. "ಸಣ್ಣ ವೆನ್, ನೀನಾದ್ರೂ ಹೋಗಿ ಮಾತಾಡ್ಸು. ನಾನು ನೂಡಲ್ಸ್ ತಗೊಂಡು ಹೋದ್ರೆ ಬಾಗಿಲಲ್ಲೇ ಇಸ್ಕೊಂಡು ಹಾಕ್ಕೋತಾರೆ. ನಿನ್ನ ಮಗು ಕಂಡ್ರೆ ತೆಗೀತಾರೆ."

ಹೋದೆ. ಮಗು ಬೆನ್ನ ಮೇಲೆ ನಿದ್ದೆ ಮಾಡುತ್ತಿತ್ತು. ಅಜ್ಜಿ ಬಾಗಿಲು ತೆಗೆದರು. ಕೂದಲ ಬಣ್ಣ ಬಿಟ್ಟು ಬುಡವೆಲ್ಲ ಬೆಳ್ಳಗಾಗಿತ್ತು. ಕೂರು ಎಂದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಲಸಿಕೆ, ಜ್ವರದ ಭಯ, ಗೋದಾಮು, ಚೀಲ, ಓಡಿದ್ದು, ಆಮೇಲೆ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದು. "ಆ ಹುಡುಗಿ ನಾನೇ ಅಜ್ಜಿ," ಎಂದೆ. ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ಕಾದೆ. ಹಾಗೆ ಮಾಡಿದರೆ ಉಸಿರಾಡಬಹುದೇನೋ ಎಂಬ ಆಸೆಯೂ ಇತ್ತು.

ಅಜ್ಜಿ ಕುರ್ಚಿಯಲ್ಲಿ ಕೂತು ಬಾಲ್ಕನಿಯಾಚೆ ನದಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಇನ್ನೇನೋ ಇತ್ತು, ಅದನ್ನು ನೋಡಲಾಗಲಿಲ್ಲ ನನಗೆ.

"ನೀನು ಅವಳನ್ನ ನೋಡ್ದೆ," ಎಂದರು. "ಹೇಗಿದ್ಲೇ?"

ನಾನು ಬೆನ್ನ ಮೇಲಿನ ಮಗುವಿನ ಕಟ್ಟು ಸರಿಮಾಡಿಕೊಂಡೆ.

"ದಪ್ಪಗಾಗಿದ್ಲಾ? ಕೂದಲು ಪೂರ್ತಿ ಹಣ್ಣಾಗಿತ್ತಾ? ನಮ್ಮಮ್ಮನ ಹಾಗೆ ಆಗಿದೀನಿ ಅಂತಿದ್ಲು. ಬೆನ್ನು ಬಗ್ಗಿತ್ತಾ? ಹೇಳೇ. ಹದಿಮೂರು ವರ್ಷದಲ್ಲಿ ನಮ್ಮ ಕಡೆಯೋರು ಅವಳನ್ನ ನೋಡಿದ್ದು ನೀನೊಬ್ಬಳೇ."

ಸುಳ್ಳು ಹೇಳಬಹುದಿತ್ತು. ನಿಮ್ಮ ಹಾಗೇ ಇದ್ದರು ಅಜ್ಜಿ, ನಗುತ್ತಿದ್ದರು ಅಜ್ಜಿ ಎಂದು. ನಾಲಿಗೆಯ ತುದಿಗೆ ಬಂದಿತ್ತು.

"ಮುಖ ನೋಡಲಿಲ್ಲ ಅಜ್ಜಿ. ಮಗೂನೇ ನೋಡ್ತಿದ್ದೆ. ಕೈ ಮಾತ್ರ ನೋಡಿದ್ದು."

"ಕೈ ಹೇಗಿತ್ತು?"

"ಒರಟಾಗಿತ್ತು. ಬೆರಳು ಗಂಟು ಗಂಟು. ಅಂಗಿ ತೋಳು ನೀಲಿ, ಅಂಚಲ್ಲಿ ಹೊಲಿಗೆ ಬಿಟ್ಟಿತ್ತು. ತುಂಬಾ ತಣ್ಣಗಿತ್ತು."

"ತಣ್ಣಗಿತ್ತು ಅಂತ ನಿನಗೆ ಹೇಗೆ ಗೊತ್ತು?"

"ಮುಟ್ಟಿದ್ರು. ಇಲ್ಲಿ."

ಅಜ್ಜಿ ಕುರ್ಚಿಯಿಂದ ಎದ್ದು ಬಂದು ನನ್ನ ಎಡಗೈ ಹಿಡಿದುಕೊಂಡರು, ಅಂಗಿಯ ತೋಳು ಮೇಲೆ ಸರಿಸಿದರು. "ಇಲ್ಲಾ?"

"ಸ್ವಲ್ಪ ಕೆಳಗೆ."

ಅವರ ಹೆಬ್ಬೆರಳು ಸ್ವಲ್ಪ ಕೆಳಗೆ ಜಾರಿತು. "ಇಲ್ಲಾ?"

"ಹ್ಞೂಂ ಅಜ್ಜಿ. ಅಲ್ಲೇ."

ಅಲ್ಲೇ ಹಿಡಿದುಕೊಂಡು ನಿಂತರು. ಬೆನ್ನ ಮೇಲೆ ಮಗು ಎಚ್ಚರವಾಗಿ ಅಳತೊಡಗಿತು. ನಾನು ಕೈ ಬಿಡಿಸಿಕೊಳ್ಳಲಿಲ್ಲ.